ಆಣೆ ಮುಟ್ಟದ ಓಟು

ರಾಣಿಯ ಓಟಿನ ಕಾರ್ಡು ಮನೆಗೆ ಬಂದ ದಿನವೇ, ಆ ಓಟು ತನ್ನದಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಪೋಸ್ಟಿನವನು ಕೊಟ್ಟ ಲಕೋಟೆಯನ್ನು ಅವಳಪ್ಪ ಪರಸಪ್ಪನೇ ಹರಿದ. ಕಾರ್ಡನ್ನು ಹಿಂದೆ ಮುಂದೆ ತಿರುವಿ ನೋಡಿದ. ಮಗಳ ಫೋಟೊ ನೋಡಿ "ಜ್ವರ ಬಂದವರಂಗ ಬಂದೈತಲ್ಲ" ಎಂದು ನಕ್ಕ. ಆಮೇಲೆ ಅದನ್ನು ತನ್ನ ಅಂಗಿಯ ಕಿಸೆಗೆ ಇಳಿಸಿದ.

"ಅಪ್ಪಾ, ಅದು ನಂದು," ಅಂದಳು ರಾಣಿ.

"ನಿಂದಲ್ಲದ ಮತ್ಯಾರದು? ಕಳಕೋತಿ ಅಂತ ಇಟಗೊಂಡೇನಿ." ಅವನು ತನ್ನ ತಾಯಿಯತ್ತ ತಿರುಗಿದ. "ಯವ್ವಾ, ಇನ್ನ ನಮ್ಮ ಮನ್ಯಾಗ ನಾಕು ಓಟು ಆದೂ ನೋಡು."

ಬಾಯವ್ವ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಎರಡೂ ಕಣ್ಣಿಗೆ ಪೊರೆ. ಕೈ ಮಾತ್ರ ಕಾಳು ಯಾವುದು ಸಿಪ್ಪೆ ಯಾವುದು ಎಂದು ಬಲ್ಲದು.

"ಆರು ಆಗತಿದ್ವು," ಅಂದಳು.

ಪರಸಪ್ಪ ಕೇಳಿಸಿಯೂ ಕೇಳಿಸದವನಂತೆ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಒಳಗೆ ಹಿಟ್ಟು ನಾದುತ್ತಿದ್ದ ಮಹಾನಂದಾ, "ನಿಮಗ ಸುಮ್ಮ ಇರಾಕ ಆಗಂಗಿಲ್ಲೇನ್ರಿ ಅತ್ತಿ? ಈಗ ರಾತ್ರಿ ಉಣ್ಣೂತನಕ ಮಾರಿ ಗಂಟ ಹಾಕ್ಕೊಂಡ ಇರ್ತಾರು," ಎಂದು ಗೊಣಗಿದಳು.

ಬಾಯವ್ವ ಲೆಕ್ಕ ಹಿಡಿದ ಆ ಇನ್ನೆರಡು ಓಟು ಅವಳ ಮಗಳು ತಂಗೆವ್ವನದು ಮತ್ತು ಅಳಿಯ ಕಲ್ಮೇಶನದು. ತಂಗೆವ್ವನನ್ನು ಕೊಟ್ಟದ್ದು ಅದೇ ಊರಿಗೆ, ಮೂರನೇ ಓಣಿಗೆ. ಅವಳಿಗೆ ಮಕ್ಕಳಿಲ್ಲ. ರಾಣಿಗೆ ಹದಿಮೂರು ತುಂಬುವವರೆಗೆ ತನ್ನ ಮನೆ ಯಾವುದು, ಅತ್ತಿಯ ಮನೆ ಯಾವುದು ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ತಲೆ ಬಾಚಿಸಿಕೊಂಡದ್ದು ಅಲ್ಲಿ, ರೊಟ್ಟಿ ಬಡಿಯಲು ಕಲಿತದ್ದು ಅಲ್ಲಿ, ಮೊದಲ ಸಲ ಕೈ ಸುಟ್ಟುಕೊಂಡದ್ದೂ ಅಲ್ಲಿಯೇ. ತಂಗೆವ್ವ ದಿನಕ್ಕೆ ನೂರೈವತ್ತು ಖಡಕ್ ರೊಟ್ಟಿ ಬಡಿಯುತ್ತಾಳೆ. ಕಲ್ಮೇಶ ತನ್ನ ಟೆಂಪೋದಲ್ಲಿ ಅವನ್ನು ಸವದತ್ತಿಯ ಖಾನಾವಳಿಗಳಿಗೆ ಮುಟ್ಟಿಸುತ್ತಾನೆ.

ಐದು ವರ್ಷದ ಹಿಂದೆ ಪಂಚಾಯ್ತಿ ಚುನಾವಣೆ ಬಂತು. ಪರಸಪ್ಪನ ಜೀವದ ಗೆಳೆಯ ಕಾಡಪ್ಪ ನಿಂತ, ಎದುರಿಗೆ ಗೌರೀಶ. "ನಮ್ಮ ಮನೀ ಐದು ಓಟು ನಿಮ್ಮ ಹೆಸರಿಗೆ ಬರಕೊಳ್ರಿ," ಎಂದು ಪರಸಪ್ಪ ಹತ್ತು ಮಂದಿಯ ಮುಂದೆ ಮಾತು ಕೊಟ್ಟ. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ಕಾಡಪ್ಪ ಮೂರು ಓಟಿನಲ್ಲಿ ಸೋತ. ಯಾರು ಕೈ ಕೊಟ್ಟರು ಎಂದು ಊರೆಲ್ಲ ಒಬ್ಬರ ಮುಖ ಒಬ್ಬರು ನೋಡುವಾಗ, ತಂಗೆವ್ವ ನೀರಿನ ಟಾಕಿಯ ಮುಂದೆ ಕೊಡ ಇಳಿಸಿ ನೇರವಾಗಿ ಅಂದಳು: "ನಾವಿಬ್ಬರೂ ಗೌರೀಶಗ ಹಾಕೇವಿ. ಓಣಿಗೆ ನಳ ತರ್ತೇನಿ ಅಂದಾನ, ಅದಕ್ಕ ಹಾಕೇವಿ."

ಆ ಎರಡು ಓಟು ಈ ಕಡೆ ಬಿದ್ದಿದ್ದರೆ ಕಾಡಪ್ಪ ಒಂದರಲ್ಲಿ ಗೆಲ್ಲುತ್ತಿದ್ದ. ಪರಸಪ್ಪ ತಂಗಿಯ ಬಾಗಿಲಲ್ಲಿ ನಿಂತು ಕೂಗಾಡಿದ. "ಓಟು ನಂದು, ಅಣ್ಣಾ," ಅಂದಳು ಅವಳು. "ನಿನ್ನ ಗ್ವಾದಲಿಗೆ ಕಟ್ಟಿದ ಎಮ್ಮಿ ಅಲ್ಲ."

"ಹಂಗಾರ ಇವತ್ತಿಂದ ನಿನಗ ತವರಮನಿ ಇಲ್ಲ."

ಮಾತು ಅಲ್ಲಿಗೆ ಮುಗಿಯಿತು. ಗೌರೀಶ ನಳ ತಂದ. ಪರಸಪ್ಪ ಐದು ವರ್ಷದಿಂದ ಅದೇ ನಳದ ನೀರು ಕುಡಿಯುತ್ತಿದ್ದಾನೆ, ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ.

ರಾಣಿ ಈಗ ಸವದತ್ತಿಯ ಕಾಲೇಜಿಗೆ ಹೋಗುತ್ತಾಳೆ. ಬಸ್ಸಿಗೆ ಹೋಗುವ ದಾರಿ ಮೂರನೇ ಓಣಿಯಲ್ಲೇ. ಎಂಟು ಗಂಟೆಗೆ ಅವಳು ಅಲ್ಲಿ ಹಾಯುವಾಗ ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿರುತ್ತದೆ. ಬಾಗಿಲ ಮುಂದೆ ಅವಳ ಚಪ್ಪಲಿ ಸಪ್ಪಳವಾದ ಕೂಡಲೇ ಆ ಬಡಿತ ನಿಲ್ಲುತ್ತದೆ. ಅವಳು ನಾಲ್ಕು ಹೆಜ್ಜೆ ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಐದು ವರ್ಷದಲ್ಲಿ ಇಬ್ಬರ ನಡುವೆ ನಡೆದ ಮಾತು ಅಷ್ಟೇ.

ಈ ಸಲ ಆ ವಾರ್ಡು ಹೆಂಗಸರಿಗೆ ಮೀಸಲಾಯಿತು. ಕಾಡಪ್ಪ ಹೆಂಡತಿ ಕೆಂಪವ್ವನನ್ನು ನಿಲ್ಲಿಸಿದ, ಗುರುತು ಆಟೊ. ಎದುರಿಗೆ ಅರ್ಜಿ ಹಾಕಿದವಳು ತಂಗೆವ್ವ, ಗುರುತು ಛತ್ರಿ.

ಸುದ್ದಿ ತಂದವಳು ಮಹಾನಂದಾ. ಊಟಕ್ಕೆ ಕೂತಿದ್ದ ಪರಸಪ್ಪ ಪುಂಡಿಪಲ್ಯದ ಮೇಲೆ ಕೈ ಹಾಗೆಯೇ ಇಟ್ಟ.

"ರೊಟ್ಟಿ ಬಡಿಯಾಕಿ ಪಂಚಾಯ್ತಿ ಬಡಿತಾಳೇನು?"

"ಕೆಂಪವ್ವ ಏನ ಬಡಿತಾಳು?" ಎಂದಳು ಬಾಯವ್ವ.

"ಅವ್ವಾ, ನೀ ಉಣ್ಣು."

"ಉಣ್ಣಾಕ ಹತ್ತೇನಪಾ. ಬಾಯಿ ಖಾಲಿ ಇತ್ತಂತ ಕೇಳಿದೆ."

ರಾಣಿಗೆ ನಗು ಬಂತು. ಅಪ್ಪ ಅವಳತ್ತ ನೋಡಿದ ಮೇಲೆ ನಗು ಹೋಯಿತು.

ಹುಣ್ಣಿಮೆಯ ದಿನ ಸಂಜೆ ಕಾಡಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಕೆಂಪವ್ವ ಹೊಸ ಇಳಕಲ್ಲ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಂಬಕ್ಕೆ ಒರಗಿ ಕೂತಳು. ಮಹಾನಂದಾ ಚಹಾ ಕೊಟ್ಟಳು.

"ಕಾಕು," ರಾಣಿ ಕೇಳಿದಳು, "ನೀವು ಆರಿಸಿ ಬಂದ್ರ ಏನೇನ ಮಾಡೋರ್ರಿ?"

ಕೆಂಪವ್ವ ಚಹಾದ ಬಸಿಯಿಂದ ಬಾಯಿ ತೆಗೆದು ಗಂಡನ ಮುಖ ನೋಡಿದಳು.

ಕಾಡಪ್ಪ ದೊಡ್ಡದಾಗಿ ನಕ್ಕ. "ಆಕಿ ಸಹಿ ಮಾಡ್ತಾಳವಾ. ಕೆಲಸ ಮಾಡಾಕ ನಾ ಇಲ್ಲೇನು?"

"ನಾ ಏಳನೇತ್ತ ಪಾಸ್ ಆಗೇನಿ," ಅಂದಳು ಕೆಂಪವ್ವ, ಬಸಿಗೇ ಹೇಳುವವಳಂತೆ.

"ನೀ ಚಾ ಕುಡಿ," ಎಂದು ಕಾಡಪ್ಪ ಪರಸಪ್ಪನತ್ತ ತಿರುಗಿದ. "ಪರಸಪ್ಪಾ, ತಪ್ಪ ತಿಳಕೋಬ್ಯಾಡ. ಹೋದ ಸಲ ಬರೇ ಮಾತಿನ ಮ್ಯಾಲ ನಂಬಿ ಕೆಟ್ಟೆ. ಈ ಸಲ ಎಲ್ಲಾ ಮನ್ಯಾಗೂ ಭಂಡಾರ ಮುಟ್ಟಿಸಿಕೊಂಡು ಬರಾಕ ಹತ್ತೇನಿ."

ಪರಸಪ್ಪನ ಕಿವಿ ಕೆಂಪಾಯಿತು. ಆದರೂ ಅಂದ, "ಮುಟ್ಟತೇವಿ. ನನ್ನ ಮನ್ಯಾಗ ಇನ್ನ ಕಳ್ಳ ಓಟಿಲ್ಲ."

ಗುಡ್ಡದ ಎಲ್ಲವ್ವನ ಅರಿಶಿಣದ ಭಂಡಾರ ಅದು. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಏನಾಗುತ್ತದೆ ಎಂದು ಆ ಕಡೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ದೇವರ ಜಗಲಿಯ ಮುಂದೆ ಕಾಡಪ್ಪ ಬಟ್ಟಲು ಹಿಡಿದ. ಪರಸಪ್ಪ ಮುಟ್ಟಿ, "ನನ್ನ ಓಟು ಆಟೊಕ್ಕ," ಅಂದ. ಮಹಾನಂದಾ ಅಂದಳು. ಬಾಯವ್ವನ ಕೈ ಬಟ್ಟಲಿನ ತನಕ ಹೋಗಿ ತುಸು ಹೊತ್ತು ಅಲ್ಲೇ ನಿಂತಿತು. ಕಡೆಗೆ ಮಗ "ಅವ್ವಾ" ಎಂದ ಮೇಲೆ ಬೆರಳು ಇಳಿಯಿತು, ಮಾತೂ ಬಂತು.

"ಬಾ ರಾಣಿ," ಅಂದ ಕಾಡಪ್ಪ.

"ನಾ ಹೊರಗಾಗೇನಿ," ಅಂದಳು ರಾಣಿ.

ಕಾಡಪ್ಪ ಬಟ್ಟಲನ್ನು ಎದೆಗೆ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಮೊದಲ ಹೇಳಬಾರದೇನ ಹುಡುಗೀ! ದೇವರ ಮುಂದ ಬಂದು ನಿಂತೀಯಲ್ಲ!"

"ಯಾವಾಗ ಆದಿ?" ಎಂದು ಮಹಾನಂದಾ ಕಂಗಾಲಾಗಿ ಕೇಳಿದಳು.

"ಈಗರ."

"ಆತು ಬಿಡ್ರಿ," ಎಂದ ಪರಸಪ್ಪ, ನೆಲ ನೋಡುತ್ತ. "ಐದು ದಿನದ ಮ್ಯಾಲ ಮುಟ್ಟಸಿದ್ರಾತು."

ಅದು ಸುಳ್ಳು. ಮೊದಲೇ ಯೋಚಿಸಿ ಇಟ್ಟುಕೊಂಡ ಸುಳ್ಳಲ್ಲ, ಬಟ್ಟಲು ಎದುರಿಗೆ ಬಂದಾಗ ಬಾಯಿಗೆ ಬಂದದ್ದು. ಸುಳ್ಳಿಗೆ ತಕ್ಕಂತೆ ಐದು ದಿನ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಳು. ಬೇರೆ ತಾಟು, ಬೇರೆ ತಂಬಿಗೆ. ಅವ್ವ ಮೇಲಿನಿಂದ ರೊಟ್ಟಿ ಹಾಕುವಳು. ಸುಳ್ಳಿನ ಐದು ದಿನ ಖರೆ ಐದು ದಿನಕ್ಕಿಂತ ಉದ್ದ ಇದ್ದವು. ಎಲ್ಲವ್ವನ ಹೆದರಿಕೆ ಬೇರೆ.

ಮೂರನೆಯ ದಿನ, ಅವಳು ಆ ಮೂಲೆಯಲ್ಲಿರುವಾಗಲೇ ತಂಗೆವ್ವ ಬಂದಳು. ಓಟು ಕೇಳಲು ಹೊರಟವರು ಒಂದು ಮನೆಯನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಹಿಂದೆ ಕಲ್ಮೇಶ, ನಾಲ್ಕಾರು ಹೆಂಗಸರು. ಅವರಲ್ಲಿ ರಾಣಿಯ ಕಾಲೇಜಿನ ಗೆಳತಿ ಮೆಹೆರಾಜಳೂ ಇದ್ದಳು. ತಂಗೆವ್ವ ಹೊಸ್ತಿಲ ಹೊರಗೆ ನಿಂತಳು. ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತು ಎಂದು ರಾಣಿಗೆ ತಿಳಿಯಲಿಲ್ಲ. ದಿನಾ ಬಾಗಿಲು ಹಾಯ್ದು ಹೋಗುತ್ತಿದ್ದವಳು ಒಂದು ದಿನವೂ ಒಳಗೆ ಕಣ್ಣು ಹಾಕಿರಲಿಲ್ಲ.

ಪರಸಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ನಮಸ್ಕಾರ್ರಿ," ಅಂದಳು ತಂಗೆವ್ವ, ಹುಟ್ಟಿದ ಮನೆಗೆ ಕೈ ಮುಗಿದು. "ಛತ್ರಿ ಗುರ್ತಿಗೆ ಓಟು ಹಾಕ್ರಿ. ನಳ ಬಂದೈತಿ, ಖರೆ. ಆದ್ರ ನೀರ ಯಾವಾಗ ಬಿಡ್ತಾರಂತ ದೇವರಿಗೂ ಗೊತ್ತಿಲ್ಲ. ಹುಡುಗ್ಯಾರು ಕಾಲೇಜ ಬಿಟ್ಟು ಕೊಡದ ಮುಂದ ಕುಂದ್ರತಾವು. ದಿನಾ ಬೆಳಿಗ್ಗೆ ಆರಕ್ಕ ನೀರ ಬಿಡಸ್ತೇನಿ. ಬಿಡಲಿಲ್ಲ ಅಂದ್ರ ನನ್ನ ಬಾಗಲಿಗೆ ಬಂದು ಕೊಡ ಒಡೀರಿ."

"ಇಲ್ಲಿ ನಾಕು ಓಟು ಅದಾವು," ಎಂದ ಪರಸಪ್ಪ, ಹಗ್ಗಕ್ಕೆ ಹೇಳಿದಂತೆ. "ನಾಕೂ ಆಣಿ ಆಗ್ಯಾವು."

"ನಾ ಆಣಿ ಕೇಳಾಕ ಬಂದಿಲ್ಲ. ಬಾಗಲ ಬಿಟ್ಟು ಹೋದಳು ಅಂತ ನೀ ನಾಳೆ ಅನಬಾರದು, ಅದಕ್ಕ ಬಂದೇನಿ."

ಒಳಗಿನಿಂದ ಬಾಯವ್ವನ ದನಿ ಬಂತು. "ಪರಸ್ಯಾ, ಯಾರ ಬಂದಾರೋ?"

"ಓಟು ಕೇಳಾಕ ಬಂದಾರ."

"ಯಾರು?"

ಪರಸಪ್ಪ ಹಗ್ಗದ ಎಳೆ ಬಿಗಿದ. ತಂಗೆವ್ವ ಮೂಲೆಯ ಚಾಪೆಯತ್ತ ನೋಡಿ ರಾಣಿಗೂ ಕೈ ಮುಗಿದಳು. "ನೀವೂ ಹಾಕ್ರಿ," ಅಂದಳು, ಊರ ಮಂದಿಗೆ ಅಂದಂತೆ, ಮರ್ಯಾದೆ ಕೊಟ್ಟು. ರಾಣಿಗೆ ಅಪ್ಪನ ಕೈಯ ಪೆಟ್ಟೂ ಅಷ್ಟು ಉರಿದಿರಲಿಲ್ಲ.

ಹಬ್ಬಕ್ಕೆ ಬಂದ ಮಗಳನ್ನು ಉಡಿ ತುಂಬದೆ ಕಳಿಸದ ಮನೆ ಅದು. ಅಂದು ಅವಳು ಒಂದು ತಂಬಿಗೆ ನೀರೂ ಇಲ್ಲದೆ ಹೋದಳು. ಬಾಯವ್ವ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬರುವ ಹೊತ್ತಿಗೆ ಓಣಿ ಖಾಲಿಯಾಗಿತ್ತು.

ಐದನೆಯ ದಿನ ರಾಣಿ ತಲೆಯ ಮೇಲೆ ನೀರು ಹಾಕಿಕೊಂಡಳು. ಹೊಲಕ್ಕೆ ಹೊರಟ ಪರಸಪ್ಪ ತಾಯಿಗೆ ಹೇಳಿದ, "ಇವತ್ತ ಇಕಿಗೆ ಭಂಡಾರ ಮುಟ್ಟಸು ಬೇ. ಕಾಡಪ್ಪಣ್ಣ ದಿನಾ ಕೇಳತಾನ."

"ನಾ ಮುಟ್ಟಸ್ತೇನಿ. ನೀ ಹೋಗು, ಕಾಲುವಿ ನೀರ ಬಂದಿರ್ತೈತಿ."

ಬಾಯವ್ವ ಮೊಮ್ಮಗಳನ್ನು ಜಗಲಿಯ ಮುಂದೆ ಕೂರಿಸಿಕೊಂಡಳು. ಮುದುಕಿ ಬಟ್ಟಲಿನಿಂದ ಚಿಟಿಕೆ ಭಂಡಾರ ತೆಗೆದು, ದಿನದಂತೆ ಅವಳ ಹಣೆಗೆ ಹಚ್ಚಿ, ಬಟ್ಟಲು ಮುಚ್ಚಿದಳು.

"ಏಳು. ಎಮ್ಮಿಗೆ ಹೊಟ್ಟು ಹಾಕು."

"ಆಯಿ, ಆಣಿ?"

"ಎಮ್ಮಿ ಒದರಾಕ ಹತ್ತೈತಿ, ಕೇಳಸಂಗಿಲ್ಲೇನ ನಿನಗ?"

ರಾತ್ರಿ ಊಟದಲ್ಲಿ ಪರಸಪ್ಪ ಕೇಳಿದ, "ಆತೇನ ಬೇ?"

"ಆತು," ಅಂದಳು ಬಾಯವ್ವ. "ಇನ್ನಷ್ಟು ಸಾರು ಹಾಕ್ಕೋ."

ಮುಂದಿನ ದಿನಗಳಲ್ಲಿ ರಾಣಿ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತದ್ದೇ ಹೆಚ್ಚು. ಮೆಹೆರಾಜ ಬಿಡುವವಳಲ್ಲ. "ಏ, ನಿನ್ನ ಓಟು ಯಾರಿಗೆ?"

"ನಿಂದು?"

"ನಮ್ಮ ಮನ್ಯಾಗ ಅಬ್ಬಾ ಒಂದು, ಅಮ್ಮಿ ಒಂದು ಅಂತಾರ. ಇಬ್ಬರಿಗೂ ಹೂಂ ಅಂದೇನಿ. ನನಗ ತಿಳದಂಗ ಹಾಕ್ತೇನಿ. ನಿಮ್ಮತ್ತಿ ಓಟು ಕೇಳಾಕ ಹೋದಲ್ಲೆಲ್ಲ ನೀರಿನ ಮಾತು ಬಿಟ್ಟು ಬ್ಯಾರೆ ಆಡೂದಿಲ್ಲ ನೋಡು. ಒಂದ ದಿನ ನಾ ಅಂದೆ, ರಾಣೀನ್ನ ಕೇಳ್ಲೇನ್ರಿ ಅಂತ. ಬ್ಯಾಡ ಅಂದ್ಲು. ನನ್ನ ಮ್ಯಾಲಿನ ಮಾಯೆಗೆ ಆಕಿ ಓಟು ಹಾಕಬಾರದು, ನನ್ನ ಕೆಲಸ ನೋಡಿ ಹಾಕಲಿ ಅಂದ್ಲು."

"ಮತ್ತೇನಂದ್ಲು?"

"ಆಕಿ ಈಗೂ ರೊಟ್ಟಿಗೆ ಎಳ್ಳ ಹೆಚ್ಚು ಹಾಕ್ತಾಳೇನ, ಅಂತ ಕೇಳಿದ್ಲು."

ರಾಣಿ ಮುಖವನ್ನು ಕಿಟಕಿಯ ಹೊರಗೆ ಹಾಕಿದಳು.

ಅಮಾವಾಸ್ಯೆಗೆ ಖರೆ ಮುಟ್ಟು ಬಂತು. ಹದಿನೈದು ದಿನಕ್ಕೆ ಎರಡು ಸಲ ಎಂದರೆ ಅವ್ವ ದವಾಖಾನೆಗೆ ಎಳೆಯುತ್ತಾಳೆ, ಅಪ್ಪ ತಲೆ ಓಡಿಸುತ್ತಾನೆ. ರಾಣಿ ಬಾಯಿ ಮುಚ್ಚಿಕೊಂಡು ಒಲೆಯ ಮುಂದೆ ಕೂತು ರೊಟ್ಟಿಗೆ ಹಿಟ್ಟು ನಾದಿದಳು. ಬಾಯವ್ವ ಮೆಲ್ಲಗೆ ಬಂದು ಹಿಂದೆ ನಿಂತಳು.

"ಒಲಿ ಮುಂದಿಂದ ಏಳು."

"ಯಾಕ ಆಯಿ?"

"ಕಣ್ಣು ಹೋಗ್ಯಾವು, ಎಣಿಕಿ ಹೋಗಿಲ್ಲ ನಂದು. ನಿಂದು ಮೊದಲಿಂದ ಅಮಾಸಿಗೆ. ಹುಣ್ಣಿವಿಗೆ ಹೆಂಗ ಬಂದಿತ್ತು?"

ರಾಣಿ ಹಿಟ್ಟಿನ ಕೈಯಲ್ಲೇ ಹಿಂದೆ ತಿರುಗಿದಳು. "ಅವತ್ತ ಗೊತ್ತಿತ್ತೇನ ನಿನಗ? ಹಂಗಾರ ಯಾಕ ಸುಮ್ಮನಿದ್ದಿ?"

"ನನ್ನ ಓಟು ಕಟ್ಟಿ ಹಾಕ್ಯಾರ. ಮನ್ಯಾಗ ಒಂದರ ಬಿಚ್ಚಿದ್ದು ಇರಲಿ ಅಂತ."

"ಯಾರಿಗೆ ಹಾಕ್ಲಿ, ಆಯಿ?"

"ನನ್ನ ಕೇಳಿ ಹಾಕಿದ್ರ ಮತ್ತ ಕಟ್ಟಿದಂಗ ಆತಲ್ಲ." ಬಾಯವ್ವ ಹೊರಗೆ ಕೂಗಿದಳು, "ಮಹಾನಂದಾ, ಹುಡುಗಿಗೆ ಕೈ ನೋಯಾಕ ಹತ್ತೈತಿ. ರೊಟ್ಟಿ ನೀ ಬಡಿ."

ಮರುದಿನವೇ ಓಟು. ಪರಸಪ್ಪ ಕಿಸೆಯಿಂದ ಕಾರ್ಡು ತೆಗೆದು ಮಗಳ ಕೈಗೆ ಕೊಟ್ಟ. ಇಪ್ಪತ್ತು ದಿನ ಅವನ ಬೆವರು ಕುಡಿದು ಅದು ಸ್ವಲ್ಪ ಬಾಗಿತ್ತು. "ಆಯಿಗೆ ಕಣ್ಣು ಕಾಣಂಗಿಲ್ಲ. ಸಂಗಾಟ ಒಬ್ಬರು ಒಳಗ ಹೋಗಬಹುದಂತ. ನೀ ಹೋಗು. ಎರಡೂ ಆಟೊ. ಗೊತ್ತಾತಿಲ್ಲೋ?"

ಕನ್ನಡ ಶಾಲೆಯಲ್ಲಿ ಮತಗಟ್ಟೆ. ರಾಣಿ ಒಂದನೇತ್ತ ಕಲಿತ ಕೋಣೆ ಅದು, ತಂಗೆವ್ವನೇ ಕೈ ಹಿಡಿದು ತಂದು ಕೂರಿಸಿದ್ದಳು. ಅಧಿಕಾರಿ ಒಂದು ಕಾಗದ ಮುಂದಿಟ್ಟ. "ಇವರು ಯಾರಿಗೆ ಹಾಕಿದ್ರು ಅಂತ ಹೊರಗ ಯಾರಿಗೂ ಹೇಳಂಗಿಲ್ಲ. ಇಲ್ಲಿ ಸಹಿ ಮಾಡು." ರಾಣಿ ಸಹಿ ಮಾಡಿದಳು. ಇಬ್ಬರ ಬೆರಳಿಗೂ ಮಸಿ ಬಿತ್ತು.

ರಟ್ಟಿನ ಮರೆಯ ಹಿಂದೆ ಬಾಯವ್ವ ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮುಟ್ಟಾದವಳನ್ನು ಮುಟ್ಟಬಾರದೆಂದು ಜೀವನವಿಡೀ ನಡೆದುಕೊಂಡು ಬಂದ ಕೈ ಅದು.

"ಛತ್ರಿ ಎಲ್ಲೈತಿ?" ಎಂದು ಪಿಸುಗುಟ್ಟಿದಳು.

"ಕೆಳಗಿನದು, ಆಯಿ."

"ನನ್ನ ಬೆರಳು ಅದರ ಮ್ಯಾಲ ಇಡು."

ರಾಣಿ ಅವಳ ಬಲಗೈ ತೋರುಬೆರಳನ್ನು ಛತ್ರಿಯ ಚಿತ್ರದ ಮೇಲೆ ಇಟ್ಟಳು. ಮುದುಕಿ ಆ ಬೆರಳಿನಿಂದ ಕಾಗದವನ್ನು ಮೆಲ್ಲಗೆ ಸವರಿದಳು. ಸಣ್ಣ ಮಗುವಿನ ಹಣೆ ಸವರುವಂತೆ, ಒಮ್ಮೆ, ಇನ್ನೊಮ್ಮೆ. ಹೊರಗೆ ಅಧಿಕಾರಿ "ಲಗೂ ಮುಗಸ್ರಿ ಅಜ್ಜಿ" ಎಂದ.

"ಇನ್ನ ಆಟೊದ ಮ್ಯಾಲ ಒತ್ತು," ಅಂದಳು ಬಾಯವ್ವ.

"ಆಯಿ..."

"ಮುಟ್ಟಿ ಹೇಳೇನಿ. ಒತ್ತು."

ರಾಣಿ ಒತ್ತಿದಳು. ಹೀಗೆ ಅವಳ ಕೈ ಜೀವನದಲ್ಲಿ ಮೊದಲ ಸಲ ಒತ್ತಿದ ಮುದ್ರೆ ಅತ್ತಿಯ ವಿರುದ್ಧ ಬಿತ್ತು. ಆಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತನ್ನ ಚೀಟಿ ಹಿಡಿದು ಮತ್ತೆ ಮರೆಯ ಹಿಂದೆ ಹೋದಳು. ಈಗ ಕೈ ಹಿಡಿಯುವವರು ಯಾರೂ ಇರಲಿಲ್ಲ. ಮಾಯೆಗೆ ಹಾಕಬೇಡ ಅಂದಿದ್ದಳು ಅತ್ತಿ. ಮಾಯೆ ಯಾವುದು, ಬೆಳಿಗ್ಗೆ ಆರರ ನೀರು ಯಾವುದು ಎಂದು ಬೇರೆ ಮಾಡಲು ರಾಣಿ ಒಂದು ಗಳಿಗೆ ನೋಡಿದಳು. ಆಗಲಿಲ್ಲ. ನೀರಿಗಾಗಿ ಕೊಡದ ಮುಂದೆ ಕಾದು ತಪ್ಪಿಸಿಕೊಂಡ ಬಸ್ಸುಗಳು ನೆನಪಾದವು. ಬಸಿಯಿಂದ ಬಾಯಿ ತೆಗೆದು ಗಂಡನ ಮುಖ ನೋಡಿದ ಕೆಂಪವ್ವ ನೆನಪಾದಳು. ಛತ್ರಿಯ ಮೇಲೆ ಮುದ್ರೆ ಒತ್ತಿ, ಮಸಿ ಆರುವ ತನಕ ಊದಿ, ಚೀಟಿ ಮಡಚಿದಳು.

ಮನೆಯ ಎರಡು ಓಟು ಒಂದನ್ನೊಂದು ತಿಂದು ಹಾಕಿದವು. ಲೆಕ್ಕಕ್ಕೆ ಏನೂ ಉಳಿಯಲಿಲ್ಲ.

ಮೂರನೆಯ ದಿನ ಸವದತ್ತಿಯಲ್ಲಿ ಎಣಿಕೆಯಾಯಿತು. ಕೆಂಪವ್ವ ಹನ್ನೊಂದು ಓಟಿನಿಂದ ಗೆದ್ದಳು. ಹಲಗೆ ಬಡಿಯುತ್ತ, ಗುಲಾಲು ಎರಚುತ್ತ ಮೆರವಣಿಗೆ ಬಂತು. ಹಾರವೆಲ್ಲ ಕಾಡಪ್ಪನ ಕೊರಳಲ್ಲಿತ್ತು. ಪರಸಪ್ಪ ತಲೆಯಿಂದ ಕಾಲಿನವರೆಗೆ ಕೆಂಪಾಗಿ ಮನೆಗೆ ಬಂದು, "ನಾಕೂ ಓಟು ಮುಟ್ಟಿದೂ ಅಂತ ಕಾಡಪ್ಪಣ್ಣ ಎಲ್ಲಾರ ಮುಂದ ಹೇಳಿದ," ಅಂದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಆಕಿ ಎಲ್ಲಿದ್ಲೋ ಏನೋ. ಎಣಿಕಿ ಜಾಗಾದಾಗ ಕಾಣಲಿಲ್ಲ." ಅವನು ನಳದ ಕೆಳಗೆ ತಲೆಯೊಡ್ಡಿದ. ನಳದಲ್ಲಿ ನೀರಿರಲಿಲ್ಲ.

ಮರುದಿನ ಎಂಟು ಗಂಟೆಗೆ ರಾಣಿ ಮೂರನೇ ಓಣಿಗೆ ಬಂದಳು. ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅವಳು ಬಾಗಿಲಿಗೆ ಬಂದ ಕೂಡಲೇ ನಿಂತಿತು. ಅವಳು ಮುಂದೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಳು.

ತಂಗೆವ್ವ ತಲೆ ಎತ್ತಿದಳು. ಕೈಗೆಲ್ಲ ಹಿಟ್ಟು. ಸೋತವಳ ಮನೆಯಂತೆ ಇರಲಿಲ್ಲ ಮನೆ. ನೂರೈವತ್ತು ರೊಟ್ಟಿ ಸೋಲಿಗೆ ಕಾಯುವುದಿಲ್ಲ.

"ಬಸ್ ತಪ್ಪತೈತಿ," ಅಂದಳು.

"ತಪ್ಪಲಿ. ಅತ್ತಿ, ನಾ ನಿನಗ ಹಾಕೇನಿ."

ತಂಗೆವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ನಾಕೂ ಆಣಿ ಆಗ್ಯಾವು ಅಂದಿದ್ನಲ್ಲ ಅಣ್ಣ."

"ನಾ ಮುಟ್ಟಿಲ್ಲ."

ಬೈಯಬಹುದು ಎಂದುಕೊಂಡಳು ರಾಣಿ, ಅಳಬಹುದು ಎಂದುಕೊಂಡಳು. ತಂಗೆವ್ವ ಎರಡೂ ಮಾಡಲಿಲ್ಲ. ಒಲೆಯೊಳಗೆ ಕಟ್ಟಿಗೆ ಮುಂದೆ ಸರಿಸುತ್ತ, ಮುಖ ಆ ಕಡೆಗೇ ಇಟ್ಟುಕೊಂಡು ಕೇಳಿದಳು:

"ಅವ್ವನ ಸಂಗಾಟ ಒಳಗ ನೀನ ಹೋಗಿದ್ದ್ಯಂತ. ಅವ್ವ ಯಾರಿಗೆ ಒತ್ತಿಸಿದ್ಲು?"

ನೀರಿನ ಟಾಕಿಯ ಮುಂದೆ ಕೊಡ ಇಳಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಹೆಂಗಸು ಅವಳು. ಅವಳ ಮುಂದೆ ಸುಳ್ಳು ಹೇಳಲು ರಾಣಿಗೆ ಬಾಯಿ ಬರಲಿಲ್ಲ. ಕಾಗದಕ್ಕೆ ಸಹಿ ಮಾಡಿದ್ದು ನೆನಪಾಯಿತು. ಅದಕ್ಕಿಂತ ಹೆಚ್ಚು ಆ ಬೆರಳು ನೆನಪಾಯಿತು.

"ಛತ್ರಿ ಎಲ್ಲೈತಿ ಅಂತ ಕೇಳಿದ್ಲು, ಅತ್ತಿ," ಅಂದಳು. "ಅದರ ಮ್ಯಾಲ ಬೆರಳಿಟ್ಟು, ಎರಡು ಸಲ ಸವರಿದ್ಲು."

ತಂಗೆವ್ವ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆಯೆದ್ದಿತು. ದಿನಕ್ಕೆ ನೂರೈವತ್ತು ಬಡಿಯುವವಳ ಕೈಯಲ್ಲಿ ರೊಟ್ಟಿ ಸುಟ್ಟದ್ದನ್ನು ರಾಣಿ ಎಂದೂ ಕಂಡಿರಲಿಲ್ಲ.

"ಹಂಗಾರ ನನ್ನ ತವರಮನ್ಯಾಗಿಂದ ಎರಡು ಬಂದೂ," ಅಂದಳು ತಂಗೆವ್ವ. ಹಿಟ್ಟು ಹತ್ತಿದ ಮುಖದಲ್ಲಿ ನಗು ಮೂಡಿತು. "ಎರಡು."

ಅವಳು ಸುಟ್ಟ ರೊಟ್ಟಿಯನ್ನು ಬದಿಗೆ ಎಸೆದು, ಹೊಸದು ಬಡಿದು, ಮೇಲೆ ಬೆಣ್ಣೆಯಿಟ್ಟು ಶೇಂಗಾ ಹಿಂಡಿಯ ಜೊತೆ ರಾಣಿಯ ಮುಂದಿಟ್ಟಳು. ಎಳ್ಳು ಹೆಚ್ಚು ಹಾಕಿದ್ದಳು. ಐದು ವರ್ಷದಿಂದ ಮೂಗಿಗೆ ಮಾತ್ರ ಸಿಕ್ಕಿದ್ದ ಆ ರೊಟ್ಟಿಯನ್ನು ರಾಣಿ ಮುರಿದು ಬಾಯಿಗಿಟ್ಟಳು.

"ಎರಡ ಹೌದಲ್ಲೋ?" ಎಂದು ತಂಗೆವ್ವ ಮತ್ತೊಮ್ಮೆ ಕೇಳಿದಳು.

ರಾಣಿ ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿದಳು.